ನಾಕು ನ್ಯೂಟ್ರಾನು, ತಿಕೋಟಾದ ಗಿರಣಿ

ಜಗತ್ತಿನಾಗ ಮುಕ್ಕಾಲು ಮಂದಿ ತಾವು ಮಾಡೂ ಕೆಲಸ ಯಾಕ ಮಾಡಾಕತ್ತೇವಿ ಅಂತ ಗೊತ್ತಿಲ್ಲದಽ ಮಾಡ್ತಾರ. ಗಾಣದ ಎತ್ತು ಯಾವಾಗರ ತಾ ತಗದ ಎಣ್ಣಿಯ ಒಗ್ಗರಣಿ ತಿಂದೈತೇನು? ನಾನೂ ಅದಽ ಪೈಕಿ. ವಿಜಾಪುರದ ಒಂದು ಕಾಲೇಜಿನಾಗ ಜವಾನ. ನಾಕನೇತ್ತೆಗೆ ಸಾಲಿ ಬಿಟ್ಟಾಂವ. ಫಿಜಿಕ್ಸ್ ಸರ್ ಮುಂದ ಕುಂತು ಲೆಕ್ಕದ ಮಷೀನಿನ ಹಿಡಿಕಿ ತಿರುವೂದು ನನ್ನ ಕೆಲಸ. ಸರ್ ಹೇಳಿದ ಅಂಕಿ ಹಚ್ಚಬೇಕು, ತಿರುವಬೇಕು, ಬಂದದ್ದು ಒದರಬೇಕು. ಆಮ್ಯಾಲ ಬಾಜೂಕಿನ ಕಿವಿಯಂಥಾ ತಿರುಪು ಹಿಂಡಿ ಹಳೇ ಅಂಕಿ ಅಳಿಸಿ ಮತ್ತ ಹೊಸಾದು ಹಚ್ಚಬೇಕು. ಇಷ್ಟಽ. ದಿನಾ.

ಒಂದಿನ ತಡಕೊಳ್ಳದಽ ಕೇಳಿಬಿಟ್ಟೆ. "ಇದೆಲ್ಲಾ ಯಾಕ್ರಿ ಸರ್?"

ಸರ್ ಧಾರವಾಡ ಕಡೆಯವರು, ಕೇಳಿದ್ರ ಖುಷಿಪಡ್ತಿದ್ರು. "ನ್ಯೂಟ್ರಾನ್ ಅಂತ ಒಂದು ಕಣ ಅದನಪಾ. ಪರಮಾಣುವಿನ ನಟ್ಟನಡುವ ಪ್ರೋಟಾನ್ ಜೋಡಿ ಇತ್ತಂದ್ರ ಗಪ್ಪ ಇರ್ತದ. ಬರೇ ನ್ಯೂಟ್ರಾನಽ ನಾಕು ಕೂಡಿಸಿದ್ರ ನಿಲ್ಲಂಗಿಲ್ಲ, ಚದರಿಹೋಗ್ತಾವ. ಆದ್ರ ಚದರೂಕಿಂತ ಮೊದಲ ಒಂಚೂರು ತಡೀತಾವೇನು? ಹಂಗಽ ಹಾದುಹೋಗೂದು ಬ್ಯಾರೆ, ತಡದು ಹೋಗೂದು ಬ್ಯಾರೆ. ಆ ತಡಿಯೂದಕ್ಕ ರೆಸೊನೆನ್ಸ್ ಅಂತಾರ. ಅದು ಅದನೋ ಇಲ್ಲೋ ಹುಡಕಾಕತ್ತೀವಿ."

"ಎಷ್ಟೊತ್ತು ತಡೀತಾವ್ರಿ?"

"ನೀ ಕಣ್ಣು ಪಿಳುಕಿಸೂದ್ರಾಗ ಕೋಟಿ ಕೋಟಿ ಸಲ ಮುಗದಿರ್ತದ."

"ಅಷ್ಟಕ್ಕ ನನ್ನ ರಟ್ಟಿ ಮುರೀಬೇಕೇನ್ರಿ?"

ಸರ್ ಬೈಲಿಲ್ಲ. "ಅಷ್ಟಽ ಸಿಕ್ರೂ ಸಾಕಪಾ" ಅಂದ್ರು. ಆ ಮಾತು ನನಗ ನಾಟಿತು.

ಯಾಕ ನಾಟಿತಂದ್ರ, ಆಗ ನನ್ನ ಮದಿವ್ಯಾಗಿ ಮೂರು ತಿಂಗಳು. ಆಷಾಢ ಬಂತು ಅಂತ ನನ್ನ ಹೆಂಡತಿ ಶಾಂತವ್ವನ್ನ ತಿಕೋಟಾಕ್ಕ ತವರಮನಿಗೆ ಕರಕೊಂಡು ಹೋಗಿದ್ರು. ಆಷಾಢದಾಗ ಹೊಸಾ ಅಳಿಯ ಅತ್ತಿ ಮನಿ ಹೊಸ್ತಿಲ ತುಳೀಬಾರದು. ಯಾರು ಮಾಡ್ಯಾರೋ ಈ ಪದ್ಧತಿ, ಅವಗ ಹೆಂಡತಿ ಮ್ಯಾಲೆ ಸಿಟ್ಟಿತ್ತು ಕಾಣ್ತೈತಿ. ನಾ ಒಂದು ದಾರಿ ಹುಡುಕಿದೆ. ರವಿವಾರ ಅಥಣಿ ಬಸ್ಸು ತಿಕೋಟಾದಾಗ ನಿಲ್ತಿತ್ತು, ಡ್ರೈವರ ಕಂಡಕ್ಟರ ಚಾ ಕುಡೀತಿದ್ರು. ಬಸ್‌ಸ್ಟ್ಯಾಂಡಿನ ಎದುರಿಗೇ ಹಿಟ್ಟಿನ ಗಿರಣಿ. ಶಾಂತವ್ವ ಜ್ವಾಳದ ಬುಟ್ಟಿ ಹೊತಗೊಂಡು ಅಲ್ಲಿ ಬರ್ತಿದ್ಲು. "ಊಟ ಮಾಡ್ತೀರೋ ಇಲ್ಲೋ" ಅಂತಿದ್ಲು. "ಹೂಂ" ಅಂತಿದ್ದೆ. ಅಷ್ಟರಾಗ ಚಾ ಮುಗೀತಿತ್ತು, ನಾ ಬಸ್ ಹತ್ತಬೇಕಾಗ್ತಿತ್ತು. ಒಮ್ಮೆ ಆಕಿ ಹಿಂದಽ ಅತ್ತಿನೂ ಬಂದುಬಿಟ್ರು. "ಏನ್ರಿ ಅಳಿಯಾರ, ಈ ಕಡೆ?" "ಅಥಣಿಗೆ ಹೊಂಟೇನ್ರಿ ಅತ್ತಿ" ಅಂದೆ. ಬಸ್ ಹೊಂಡೂತನಕ ಅವರು ಅಲ್ಲೇ ನಿಂತ್ರು. ಏನ್ ಮಾಡೂದು, ಆವತ್ತು ಆಕಿ ಜೋಡಿ ಒಂದು ಮಾತೂ ಆಡದಽ ಅಥಣಿ ನೋಡಿಕೊಂಡು ಬಂದೆ.

ಆಷಾಢ ಹೋತು, ನಾಗರಪಂಚಮಿ ಬಂತು. ಪಂಚಮಿಗೆ ಹೆಣ್ಣಮಕ್ಕಳು ತವರಾಗಽ ಜೋಕಾಲಿ ಆಡಬೇಕಂತ. ಅತ್ತಿ ಹೇಳಿ ಕಳಿಸಿದ್ರು: ಹಬ್ಬ ಮುಗಿಸಿ ಬರೂ ಸೋಮವಾರ ಚಲೋ ದಿನ, ಬಂದು ಕರಕೊಂಡು ಹೋಗ್ರಿ. ಅದು ತಪ್ಪಿದ್ರ ದಸರಾ ಆದ ಮ್ಯಾಲ ಕಳಿಸ್ತೇವಿ. ಸರ್‌ನ ರಜಾ ಕೇಳಿದೆ. "ಲೆಕ್ಕ ಮುಗಿತಂದ್ರ ಹೋಗು" ಅಂದ್ರು. ಆ ವಾರ ನಾ ಹಿಡಿಕಿ ಹೆಂಗ ತಿರುವಿದೆ ಅಂತೀರಿ! ಮಷೀನಿನ ಹಲ್ಲೆಲ್ಲಾ ಕಟಕಟ.

ಶನಿವಾರ ಸಂಜೀಗೆ ಕಡೇ ಅಂಕಿ ಒದರಿದೆ. ಸರ್ ಹಾಳಿ ಮ್ಯಾಲೆ ಚುಕ್ಕಿ ಇಟ್ಟು ಗೆರಿ ಎಳದ್ರು. ಇಷ್ಟು ದಿನ ಮಲಗಿದ್ದ ಗೆರಿ ಗೋಳಗುಮ್ಮಟದಂಗ ಉಬ್ಬಿ ನಿಂತಿತ್ತು. "ತಡದಾವಲೇ, ತಡದಾವ!" ಅಂತ ಸರ್ ನನ್ನ ತೆಕ್ಕಿಗೆ ಹಾಕೊಂಡ್ರು. "ನಡಿ, ಸೋಮವಾರ ತಿಕೋಟಾಕ್ಕ ಹೋಗು."

ಮಷೀನ ಒರಸಾಕ ಹ್ವಾದೆ. ಅಳಿಸೂ ಕಿವಿ ಮ್ಯಾಲೆ ತೆಳ್ಳಗ ಧೂಳ ಕುಂತಿತ್ತು. ಮಧ್ಯಾಹ್ನದಿಂದ ಅದನ್ನ ಮುಟ್ಟೇ ಇಲ್ಲ ನಾ! ಹಳೇ ಅಂಕಿ ಮ್ಯಾಲೆ ಹೊಸಾ ಅಂಕಿ ಪೇರಿಸಿಕೋತ ಬಂದಿದ್ದೆ. ಸುಮ್ಮನಿದ್ರ ಸೋಮವಾರ ಹೆಂಡತಿ. ಹೇಳಿದ್ರ ದಸರಾ. ಸರ್ ಮೂಲ್ಯಾಗ ನಿಂತು ಆ ಗೆರಿ ನೋಡ್ಕೋತ ಒಬ್ಬರಽ ನಗಾಕತ್ತಿದ್ರು. ಆ ನಗಿ ನೋಡಿದೆ, ನನಗ ತಡೀಲಿಲ್ಲ.

"ಸರ್, ಅದು ಸುಳ್ಳರಿ. ನಾ ಹಳೇ ಅಂಕಿ ಅಳಿಸಿಲ್ಲ."

ಸರ್ ಹಾಳಿ ಮಡಚಿ ಇಟ್ರು. "ಯಾಕ ಮರತಿ?"

"ತಿಕೋಟಾದಾಗ ಇದ್ದೆರಿ."

ಮತ್ತ ಮೊದಲಿಂದ ತಿರುವಿದ್ವಿ. ಗುರುವಾರ ಮುಗೀತು. ಗೆರಿ ಮಲಗಿತು. "ನಮ್ಮ ಲೆಕ್ಕದಾಗ ತಡಿಯೂದಿಲ್ಲ" ಅಂತ ಬರದು ಸರ್ ಪೆನ್ನಿಗೆ ಟೊಪ್ಪಿಗಿ ಹಾಕಿದ್ರು.

ರವಿವಾರ ತಿಕೋಟಾದ ಗಿರಣಿ ಮುಂದ ಶಾಂತವ್ವಗ ಎಲ್ಲಾ ಹೇಳಿದೆ. "ನೀವು ಹೇಳಿದ್ದು ಚಲೋ ಆತು ಬಿಡ್ರಿ" ಅಂದ್ಲು. ಆಮ್ಯಾಲ ಸೀರಿ ಸೆರಗಿಗೆ ಹತ್ತಿದ ಹಿಟ್ಟು ಝಾಡಿಸಿಕೋತ, "ಸೋಮವಾರ ನಾ ಟ್ರಂಕಿನ ಮ್ಯಾಲೆ ಕುಂತಿದ್ದೆ. ಮುಂಜಾನಿಂದ ಸಂಜೀತನಕ. ನಮ್ಮಪ್ಪ ಬಂದು ಏಳಸಬೇಕಾತು" ಅಂದ್ಲು.

ಡ್ರೈವರ ಹಾರ್ನ್ ಹೊಡದ. ನಾ ಆಕಿ ತಲಿ ಮ್ಯಾಲಿನ ಬುಟ್ಟಿ ಇಸಕೊಂಡು ಪಾಳಿಯೊಳಗ ಆಕಿ ಬಾಜೂಕ ನಿಂತೆ. ಬಸ್ಸು ಹೋತು. ನಮ್ಮ ಪಾಳಿ ಬಂತು. ಹಿಂದಿದ್ದ ಅಜ್ಜಿಗೆ "ನೀ ಮುಂದ ಹೋಗ ಯವ್ವಾ" ಅಂದೆ. ಆಕಿ ಹಿಂದಿನಾಕಿಗೂ ಅಂದೆ. ಹಿಂಗ ಏಳು ಮಂದಿ ದಾಟಿದ್ರು.

"ಏಯ್ ತಮ್ಮಾ," ಗಿರಣಿಯಾಂವ ಒದರಿದ, "ನಿನಗ ಹಿಟ್ಟು ಬೇಕೋ ಬ್ಯಾಡೋ?"

"ಬೇಕ್ರಿ" ಅಂದೆ. "ಅವಸರಿಲ್ಲ." ಹುಟ್ಟಿದಾಗಿಂದ ಈ ಮಾತು ನನ್ನ ಬಾಯಾಗ ಬಂದದ್ದು ಅದಽ ಮೊದಲು.