ಯಮುನಕ್ಕನ ಮದ್ದು

ನಂದೀಶನ ಫಜೀತಿಗೆಲ್ಲ ಮೂಲ ಒಂದು ಚೊಂಬು ಕಷಾಯ.

ಹಾಸನದಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ರೈತರ ಮನೆ ಹುಡುಗ ಅವನು. ಸಂಪಾಜೆ ಕಡೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿ ಸೇರಿ ತಿಂಗಳಾಗಿತ್ತಷ್ಟೆ. ಜಿಲ್ಲೆ ಒಂದೇ ಆದರೂ ಅವನ ಪಾಲಿಗೆ ಅದು ಪರದೇಶ. ಬಸ್ಸಿನಲ್ಲಿ ಎಡಕ್ಕೆ ಕೂತವರದು ಅರೆಭಾಷೆ, ಬಲಕ್ಕೆ ಕೂತವರದು ಮಲಯಾಳ, ಡ್ರೈವರನದು ತುಳು. ಹೋಟೆಲಿನಲ್ಲಿ ಮುದ್ದೆ ಇದೆಯಾ ಎಂದು ಕೇಳಿದರೆ ಮಾಲೀಕ ಕಾಯಿಲೆಯವನನ್ನು ನೋಡುವ ಹಾಗೆ ಕನಿಕರದಿಂದ ನೋಡುತ್ತಿದ್ದ. ಹೆಂಡತಿ ದಿವ್ಯಶ್ರೀಯಂತೂ, “ನಿಮ್ ಫಾರಿನ್ನಿಗೆ ನನ್ನ ಯಾವಾಗ ಕರ್ಕೊಂಡು ಹೋಗ್ತೀರಿ?” ಎಂದು ದಿನವೂ ಫೋನಿನಲ್ಲಿ ಕೇಳುತ್ತಿದ್ದಳು.

ಕರೆಸಿಕೊಳ್ಳಲು ಮನೆ ಬೇಕಲ್ಲ. ಅವನು ಇದ್ದದ್ದು ಯಮುನಕ್ಕನ ಕೊಟ್ಟಿಗೆಗೆ ಅಂಟಿಕೊಂಡ ಒಂಟಿ ಕೋಣೆಯಲ್ಲಿ. ರಸ್ತೆ ಬದಿಗೆ ಯಮುನಕ್ಕನದೇ ಇನ್ನೊಂದು ಪುಟ್ಟ ಮನೆ ಖಾಲಿಯಿತ್ತು. ಎರಡು ಕೋಣೆ, ತಂಪಾದ ಸಿಮೆಂಟು ನೆಲ, ಮುಂದೊಂದು ಜಗಲಿ. ಅದಕ್ಕೆ ಆಸೆಪಟ್ಟವರು ಬಹಳ ಜನ. ಸಂಘದ ಸೆಕ್ರೆಟರಿ ಮಂಜೇಶನಿಗೆ ಭಾವನಿಗಾಗಿ ಬೇಕು, ಅಂಗಡಿ ಮುತ್ತನಿಗೆ ಗೋಡೌನಿಗೆ ಬೇಕು. ಯಮುನಕ್ಕ ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದಳು: “ಆಟಿ ಹದಿನೆಂಟು ಒಂದು ಕಳೀಲಿ, ಯಾರಿಗೆ ಅಂತ ಮರುದಿನ ಹೇಳ್ತೇನೆ.”

ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂದು ಆ ಕಡೆಯವರ ನಂಬಿಕೆ. ಸೊಪ್ಪು ಬೇಯಿಸಿ ಬಸಿದ ನೇರಳೆ ಬಣ್ಣದ ರಸಕ್ಕೆ ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡಿ ಎಲ್ಲರೂ ಉಣ್ಣುತ್ತಾರೆ. ಯಮುನಕ್ಕನ ಮನೆಯಲ್ಲಿ ಮಾತ್ರ ಬೇರೆ ಕಾನೂನು.

“ನಮ್ಮ ಯಜಮಾನ್ರಿಗೆ ಸಕ್ಕರೆ ಕಾಯಿಲೆ ಅಲ್ವಾ, ಅದಕ್ಕೆ ಬೆಲ್ಲ ಬಿಟ್ಟೆ. ಬರೀ ರಸ. ಮದ್ದು ಮದ್ದಿನ ಹಾಗೇ ಇರಬೇಕು ಮಾರಾಯ,” ಎನ್ನುತ್ತ ಅವಳು ನಂದೀಶನ ಕೈಗೆ ಚೊಂಬು ಇಟ್ಟಳು. ಬೆಳಗಿನಿಂದ ಮನೆಗೆ ಬಂದವರಿಗೆಲ್ಲ ಆಗಲೇ ಕೊಟ್ಟಾಗಿತ್ತಂತೆ.

ನಂದೀಶ ಒಂದು ಗುಟುಕು ಕುಡಿದ. ಬಾಯೊಳಗೆ ಅಜ್ಜಿಯ ಕಾಲದ ಔಷಧಿ ಪೆಟ್ಟಿಗೆಯನ್ನೇ ಮಗುಚಿದಂತಾಯಿತು. ಮನೆಯ ಆಸೆಗೆ ನಕ್ಕು, “ಭಾಳ ಚೆನ್ನಾಗೈತೆ ಕಣಕ್ಕ,” ಅಂದ. ಯಮುನಕ್ಕ ಉಬ್ಬಿಹೋಗಿ ಚೊಂಬನ್ನು ಮತ್ತೆ ಕಂಠದವರೆಗೆ ತುಂಬಿಸಿದಳು. ಅವಳು ಒಳಗೆ ಹೋಗುವುದನ್ನೇ ಕಾದು, ನಂದೀಶ ಕೊಟ್ಟಿಗೆಗೆ ನುಗ್ಗಿ ಗೌರಿಯ ಕಲಗಚ್ಚಿನ ಬಾನಿಗೆ ಎಲ್ಲವನ್ನೂ ಸುರಿದ. ಗೌರಿ ತುಂಬು ಗಬ್ಬದ ಹಸು. ಹಸಿದ ಬಾಯಿಗೆ ಏನಾದರೇನು, ಸೊರಸೊರನೆ ಕುಡಿದು ಬಾನಿಯ ತಳವನ್ನೂ ನೆಕ್ಕಿತು.

ಮಾರನೆಯ ದಿನ ರಸ್ತೆಗಿಳಿದರೆ ಅಂಗಡಿ ಮುತ್ತ ಕೂಗಿ ಕೇಳಿದ: “ಹೇಗೆ, ಕೆಂಪಾಯ್ತಾ?”

ಸಂಘದ ಮೆಟ್ಟಿಲು ಹತ್ತುವಾಗ ಮಂಜೇಶನದೂ ಅದೇ ಪ್ರಶ್ನೆ: “ಕೆಂಪಾಯ್ತಾ ನಂದೀಶ್?”

“ಏನ್ ಸಾರ್ ಕೆಂಪಾಗೋದು?”

“ಎಂತ ಅಂದ್ರೆ? ಮದ್ದು ಕುಡಿದ ಮರುದಿನ ಮೂತ್ರ ಕೆಂಪಗಾಗ್ಬೇಕು. ಆಗದಿದ್ರೆ ಕುಡೀಲಿಲ್ಲ ಅಂತ ಲೆಕ್ಕ. ಸಂಜೆ ಯಮುನಕ್ಕನೂ ಕೇಳ್ತಾಳೆ ನೋಡು.”

“ಓ, ಅದಾ! ದಾಸವಾಳ ಸಾರ್, ಅಪ್ಪಟ ದಾಸವಾಳ,” ಎಂದು ನಂದೀಶ ಕೂಡಲೇ ಸುಳ್ಳು ಹೇಳಿದ. ಹೇಳಿ ಮುಗಿಸುವ ಮೊದಲೇ ಯಮುನಕ್ಕನ ಗಂಡ ಪದ್ಮಯ್ಯ ಏದುಸಿರು ಬಿಡುತ್ತ ಓಡಿಬಂದ.

“ಗೌರಿ ರಕ್ತ ಹೊಯ್ತಾ ಉಂಟು ಮಾರಾಯ್ರೇ! ಪಶು ಡಾಕ್ಟ್ರಿಗೆ ಫೋನ್ ಮಾಡಿ!”

ನಿನ್ನೆಯ ಚೊಂಬು ನೆನಪಾಗಿ ನಂದೀಶ ಪದ್ಮಯ್ಯನ ಹಿಂದೆಯೇ ಓಡಿದ.

ಅವರು ಹೋಗುವಷ್ಟರಲ್ಲಿ ಕೊಟ್ಟಿಗೆಯ ಮುಂದೆ ಅರ್ಧ ಊರೇ ನೆರೆದಿತ್ತು. ನೆಲವೆಲ್ಲ ಕೆಂಪು. ಒಬ್ಬರು ಹಾವು ಕಚ್ಚಿದೆ ಎಂದರು, ಇನ್ನೊಬ್ಬರು ಕಣ್ಣು ಬಿದ್ದಿದೆ ಎಂದರು. ಮುತ್ತ ಮೆಣಸಿನಕಾಯಿ, ಉಪ್ಪು ತಂದು ನಿವಾಳಿಸಿಯೂ ಬಿಟ್ಟ. ಯಮುನಕ್ಕ ಬೆಳಗಿನಿಂದ ಒಂದು ತೊಟ್ಟು ಕಾಫಿ ಮುಟ್ಟದೆ ಗೌರಿಯ ಕೊರಳು ತಬ್ಬಿ ಕೂತಿದ್ದಳು. ನಡುವೆ ಗೌರಿ ಮಾತ್ರ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

ಡಾಕ್ಟರ್ ತೇಜಸ್ವಿನಿ ಬಂದು ಕಣ್ಣು, ಕಿವಿ, ಕೆಚ್ಚಲು ಎಲ್ಲ ನೋಡಿದರು. “ಜ್ವರ ಇಲ್ಲ. ಆದರೂ ಈ ಕೆಂಪು ನೋಡಿದ್ರೆ ಉಣ್ಣಿ ಕಚ್ಚಿ ಬರೋ ಕಾಯಿಲೆ ಅನ್ನಿಸ್ತದೆ. ಇಂಜೆಕ್ಷನ್ ಕೊಡ್ತೇನೆ. ಗಬ್ಬದ ಹಸು, ಇದು ಬಲವಾದ ಔಷಧಿ. ಕರು ನಿಲ್ತದೆ ಅಂತ ಮಾತು ಕೊಡೋಕಾಗಲ್ಲ ಅಕ್ಕ.”

ಯಮುನಕ್ಕ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು. ನಂದೀಶ ರಸ್ತೆ ಬದಿಯ ಮನೆಯತ್ತ ನೋಡಿದ. ಬಾಯಿ ಮುಚ್ಚಿಕೊಂಡಿದ್ದರೆ ಮನೆ ಸಿಗುತ್ತದೆ, ದಿವ್ಯಶ್ರೀ ಬರುತ್ತಾಳೆ. ಬಾಯಿ ತೆರೆದರೆ ಎರಡೂ ಹೋಯಿತು. ಆದರೆ ಹೊಟ್ಟೆಯೊಳಗಿನ ಕರುವನ್ನು ಕೊಂದು ಯಾವ ಮನೆಯಲ್ಲಿ ಹಾಲುಕ್ಕಿಸುವುದು? ಡಾಕ್ಟರು ಸೂಜಿ ಎತ್ತಿದ್ದೇ ತಡ, ಅವನು ಅಡ್ಡ ನಿಂತುಬಿಟ್ಟ.

“ಬ್ಯಾಡಿ ಮೇಡಂ! ಗೌರಿಗೆ ಕಾಯಿಲೆ ಇಲ್ಲ. ಯಮುನಕ್ಕ ಕೊಟ್ಟ ಮದ್ದ ನಾನೇ ಬಾನಿಗೆ ಸುರ್ದೆ. ತಪ್ಪಾಯ್ತು ಕಣಕ್ಕ!”

ಯಮುನಕ್ಕ ತಿರುಗಿ ನೋಡಿದ ನೋಟಕ್ಕೆ ನಂದೀಶ ಇದ್ದಲ್ಲೇ ಇಳಿದುಹೋದ. ತೇಜಸ್ವಿನಿ ಸೂಜಿ ಕೆಳಗಿಟ್ಟು, “ಎಷ್ಟು ಸುರಿದಿರಿ?” ಎಂದು ಕೇಳಿದರು.

“ಒಂದು ಚೊಂಬು ಮೇಡಂ.”

“ಒಂದು ಚೊಂಬಿಗೆಲ್ಲ ಇಷ್ಟು ದೊಡ್ಡ ಪ್ರಾಣಿಯ ಮೂತ್ರ ಈ ಬಣ್ಣಕ್ಕೆ ಬರೋದಿಲ್ಲ. ಇದಕ್ಕೆ ಬಕೆಟ್‌ಗಟ್ಟಲೆ ಹೋಗಿರಬೇಕು. ಬೇರೆ ಯಾರಾದ್ರೂ ಹಾಕಿದ್ರಾ? ನಿಜ ಹೇಳದಿದ್ರೆ ನಾನು ಇಂಜೆಕ್ಷನ್ ಕೊಡಲೇಬೇಕು.”

ಮಂಜೇಶ ಕೆಮ್ಮಿದ. “ನಂದೂ ಒಂದು ಚೊಂಬು ಉಂಟು ಡಾಕ್ಟ್ರೇ. ನಾನು ಮನೇಲಿ ಬೆಲ್ಲ ಹಾಕಿದ ಪಾಯಸ ಉಂಡಿದ್ದೆ.” ಮುತ್ತ ಮೆಣಸಿನಕಾಯಿಯನ್ನು ಬೆನ್ನ ಹಿಂದೆ ಅಡಗಿಸಿ, ತನ್ನದೂ ತನ್ನ ಹೆಂಡತಿಯದೂ ಅಲ್ಲಿಗೇ ಹೋಯಿತು ಎಂದ. ನಿನ್ನೆ ಮನೆಗೆ ಬಂದಿದ್ದವರೆಲ್ಲ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಕೊನೆಗೆ ಪದ್ಮಯ್ಯ ಕಂಬದ ಮರೆಯಿಂದ ಮೆಲ್ಲನೆ ನುಡಿದ: “ನನ್ನದು ಹೋದ ವರ್ಷವೂ ಅಲ್ಲಿಗೇ. ಆಗ ಬಾನಿ ಇಷ್ಟು ತುಂಬಿರಲಿಲ್ಲ.”

ಯಮುನಕ್ಕ ಕಣ್ಣೊರೆಸಿಕೊಂಡು ಎದ್ದಳು.

“ಮದ್ದಿಗೆ ಬೆಲೆ ಕೊಟ್ಟವರಿಗೇ ಮನೆ ಅಂತ ಇದ್ದೆ. ನಿನ್ನೆ ಎರಡನೇ ಸಲ ಹಾಕಿಸಿಕೊಂಡೆ ಅಂತ ನಂದೀಶ, ನಿನಗೇ ಕೊಡೋದು ಅಂತ ತೀರ್ಮಾನ ಮಾಡಿದ್ದೆ. ಈಗ ನೋಡಿದ್ರೆ ಇಡೀ ಊರಲ್ಲಿ ನನ್ನ ಮದ್ದನ್ನು ಬಾಯಿ ತುಂಬ ಕುಡಿದದ್ದು ಇವಳೊಬ್ಬಳೇ.” ಗೌರಿಯ ಬೆನ್ನು ಸವರಿದಳು. “ಕೊಟ್ಟಿಗೆ ಹೇಗೂ ಸೋರ್ತದೆ. ಮನೆ ಇವಳಿಗೇ. ಕರುವಾಗಿ ಬೆಚ್ಚಗಿರಲಿ.”

ಸಂಜೆಗೆಲ್ಲ ಗೌರಿಯ ಒಕ್ಕಲು ಆಗಿಹೋಯಿತು. ಮೊದಲು ತಪ್ಪು ಒಪ್ಪಿಕೊಂಡ ಕಾರಣಕ್ಕೆ ಹುಲ್ಲು ಹೊರುವ ಕೆಲಸ ನಂದೀಶನಿಗೇ ಬಿತ್ತು. ಹೊರೆ ಇಳಿಸುವಾಗ ದಿವ್ಯಶ್ರೀಯ ಫೋನು ಬಂತು.

“ಮನೆ ಸಿಕ್ತಾ?”

“ಇಲ್ಲ ಕಣೆ. ತುಂಬು ಬಸುರಿಗೆ ಕೊಟ್ಬಿಟ್ರು.”

“ಅಯ್ಯೋ ಪಾಪ, ಹೋಗ್ಲಿ ಬಿಡಿ. ಅಂಥವ್ರಿಗೆ ಮೊದ್ಲು ಕೊಡೋದೇ ಸರಿ. ಹೆಸರೇನಂತೆ?”

“ಗೌರಿ.”

“ಬರೋ ಭಾನುವಾರ ಬಂದು ಮಾತಾಡಿಸ್ತೀನಿ. ಮಡಿಲು ತುಂಬೋಕೆ ಸೀರೆ ತರ್ತೀನಿ ಅಂತ ಅವ್ರಿಗೆ ಈಗ್ಲೇ ಹೇಳ್ಬಿಡಿ.”

ನಂದೀಶ ಜಗಲಿಯ ಮೇಲೆ ಕುಸಿದು ಕೂತ. ಒಳಗೆ ಗೌರಿ ಅವನು ಹೊತ್ತು ತಂದ ಹುಲ್ಲನ್ನು ತಿನ್ನುತ್ತಿತ್ತು.