ಅಬ್ಹಾ ಗುಡ್ಡದಲ್ಲಿ ಅಕ್ಕ, ಭಾವ ಮತ್ತು ಒಣ ಬಂಗುಡೆ

ನಮ್ಮ ಮನೆಯವರು ಎಲ್ಲಿಗೆ ಹೊರಟರೂ ಸುಮ್ಮನೆ ಹೋಗಿ ಸುಮ್ಮನೆ ಬಂದದ್ದಿಲ್ಲ. ಬೇರೆಯವರು ಪ್ರವಾಸದಿಂದ ಫೋಟೋ ತರುತ್ತಾರೆ, ನಾವು ಕಥೆ ತರುತ್ತೇವೆ. ಫೋಟೋ ಇಲ್ಲ ಯಾಕೆಂದರೆ ಕ್ಯಾಮೆರಾಕ್ಕೆ ರೀಲು ಹಾಕುವ ಕೆಲಸ ಭಾವನದ್ದು.

ಮದುವೆಯಾಗಿ ಸೌದಿಯ ಜಿದ್ದಾಕ್ಕೆ ಬಂದಲ್ಲಿಂದ ಅಕ್ಕ ಕಂಡದ್ದು ಅಜೀಜಿಯಾದ ಫ್ಲ್ಯಾಟಿನ ಕಿಟಕಿ, ಆ ಕಿಟಕಿಯಲ್ಲಿ ಕಾಣುವ ಎದುರು ಮನೆಯ ನೀರಿನ ಟ್ಯಾಂಕು. ಮಾತು ತುಂಬಿಸಿ ಊರಿಗೆ ಕಳಿಸುವ ಕ್ಯಾಸೆಟ್ಟಿನಲ್ಲಿ ಒಂದು ಬದಿ ಪೂರ್ತಿ ಅಳು, ಇನ್ನೊಂದು ಬದಿ ನನ್ನ ಮೇಲೆ ದೂರು. ಕೊನೆಗೊಂದು ದಿನ ಭಾವನಿಗೆ ಹೇಳಿಯೇಬಿಟ್ಟಳು: "ಈ ರಜೆಯಲ್ಲಿ ಎಲ್ಲಿಗಾದರೂ ಕರಕೊಂಡು ಹೋಗಿ. ಅಲ್ಲಿಯೂ ಮನಸ್ಸು ನಿಲ್ಲದಿದ್ದರೆ ಊರಿಗೆ ಟಿಕೆಟ್ ಮಾಡಿಸಿ. ಮತ್ತೆ ನಾನು ಬರುವವಳಲ್ಲ."

ಭಾವನಿಗೆ ಹೆಂಡತಿ ಹೋಗುವ ಹೆದರಿಕೆ. ನನ್ನದು ಅದಕ್ಕಿಂತ ದೊಡ್ಡದು. ಅಕ್ಕನಿಗೆ ಜೊತೆ ಇರಲಿ ಅಂತಲೇ ಅಪ್ಪ ನನ್ನನ್ನು ಇಲ್ಲಿಗೆ ಅಟ್ಟಿದ್ದು. ಅವಳು ವಿಮಾನ ಹತ್ತಿದರೆ ಹಿಂದಿನ ಸೀಟು ನನ್ನದೇ, ಊರಲ್ಲಿ ಎಸ್ಸೆಸ್ಸೆಲ್ಸಿ ಮೂರನೇ ಸಲ ಬಾಯಿ ತೆರೆದು ಕೂತಿದೆ. ಹಾಗಾಗಿ ಅಬ್ಹಾದ ಗುಡ್ಡದಲ್ಲಿ ಒಂದು ವಾರ ಡೇರೆ ಹಾಕಿ ಇರುವುದು ಅಂತ ತೀರ್ಮಾನವಾದಾಗ ಹೆಚ್ಚು ಕುಣಿದದ್ದು ನಾನು. ಭಾವನಿಗೆ ಅರಬ್ಬಿ ಬರುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಸಾಮಾನು ಕಟ್ಟಿ ಕಟ್ಟಿ ನನಗೆ ಬರುತ್ತದೆ. ದುಭಾಷಿಯಾಗಿ ನಾನೂ ಕಾರು ಹತ್ತಿದೆ.

ಡೇರೆಯ ಬಾಗಿಲು

ಭಾವ ಕಟ್ಟಡದ ಕಂಪೆನಿಯಲ್ಲಿ ನಕ್ಷೆ ಬರೆಯುವವರು. ಜಿದ್ದಾದಿಂದ ಹೊರಡುವ ಮೊದಲೇ ಡೇರೆಯ ನಕ್ಷೆ ಬರೆದಿದ್ದರು. ಗಾಳಿ ಎಲ್ಲಿಂದ, ಬಿಸಿಲು ಎಲ್ಲಿಂದ, ಎಲ್ಲ ಬಾಣ ಹಾಕಿ ತೋರಿಸಿದ್ದರು.

ಗುಡ್ಡದ ತುದಿಯಲ್ಲಿ ನಾವು ಗೂಟ ಹೊಡೆಯಲು ಶುರುಮಾಡಿದಾಗ ಪಕ್ಕದಲ್ಲಿ ಒಂದು ಸೌದಿ ಕುಟುಂಬ ಬಂದು ಜಮಖಾನ ಹಾಸಿತು. ಅವರು ಚಹಾ ಕಾಸಿದರು, ಕೋಳಿ ಸುಟ್ಟರು, ತಿಂದರು, ನಿದ್ದೆ ಮಾಡಿದರು, ಎದ್ದು ಹೊರಟೂ ಹೋದರು. ನಮ್ಮದು ಆಗಷ್ಟೇ ನಿಂತಿತು. ಆದರೆ ಚಂದ ನಿಂತಿತು, ಸುಳ್ಳು ಹೇಳಬಾರದು.

"ಬಾಗಿಲು ಬೇಕಂತಲೇ ಕಣಿವೆಯ ಕಡೆಗೆ ಇಟ್ಟಿದ್ದೇನೆ," ಅಂದರು ಭಾವ. "ಬೆಳಿಗ್ಗೆ ಎದ್ದ ಕೂಡಲೇ ನಿನಗೆ ಸೀನರಿ ಕಾಣಬೇಕು."

ಅಕ್ಕ ಪರದೆ ಸರಿಸಿ ಕೆಳಗೆ ನೋಡಿದಳು. ಮಂಜಿನಡಿ ತಳವೇ ಕಾಣದ ಪ್ರಪಾತ. ದೂರದಲ್ಲಿ ಜಿಜಾನ್ ಕಡೆಯ ಬಯಲು. ಪರದೆ ಮುಚ್ಚಿ ತಣ್ಣಗೆ ಹೇಳಿದಳು: "ಒಂದು ಹೆಜ್ಜೆ ಹೊರಗಿಟ್ಟರೆ ಸೀದಾ ಜಿಜಾನ್. ಊರಿಗೆ ಕಳಿಸುವ ಟಿಕೆಟಿನ ಖರ್ಚೂ ನಿಮಗೆ ಉಳಿಯಿತು."

ಮಂಗನ ಮರ್ಯಾದೆ

ಅಜೀಜಿಯಾದಲ್ಲಿ ಅಕ್ಕ ಒಣ ಬಂಗುಡೆ ಸುಟ್ಟರೆ ಭಾವ ಕಿಟಕಿ ತೆರೆಯುತ್ತಾರೆ, ಊದುಕಡ್ಡಿ ಹಚ್ಚುತ್ತಾರೆ, "ಪಕ್ಕದವರು ಎಂತ ಹೇಳಿಯಾರು" ಅಂತ ಗೊಣಗುತ್ತಾರೆ. ಗುಡ್ಡದಲ್ಲಿ ಪಕ್ಕದವರಿಲ್ಲ ಅಂತ ಅಕ್ಕ ಊರಿನಿಂದ ಬಂದ ಬಂಗುಡೆಯ ಚೀಲವನ್ನೇ ತಂದಿದ್ದಳು.

ಪಕ್ಕದವರು ಇದ್ದರು. ನಾಯಿಯಷ್ಟು ದೊಡ್ಡ ಮಂಗಗಳು, ಗಂಡಿಗೆ ಹೆಗಲ ಮೇಲೆ ಕಂಬಳಿ ಹೊದ್ದ ಹಾಗೆ ಬೂದು ಕೂದಲು. ಒಂದು ಮುದಿ ಗಂಡು ಬಂದು, ಭಾವನ ಕೈಯಳತೆಯಲ್ಲಿದ್ದ ಚೀಲ ಎತ್ತಿ, ಬಂಡೆಯ ಮೇಲೆ ಕೂತಿತು.

"ಕಣ್ಣಿಗೆ ಕಣ್ಣು ಕೊಡಬೇಡಿ, ಅದಕ್ಕೆ ಸಿಟ್ಟು ಬರುತ್ತದೆ," ಅಂತ ಭಾವ ಕಣ್ಣು ಮುಚ್ಚಿಯೇ ಹೇಳಿದರು.

ಮಂಗ ಚೀಲ ಬಿಚ್ಚಿತು. ಒಂದು ಬಂಗುಡೆ ತೆಗೆದು ಮೂಸಿತು. ತಿರುಗಿಸಿ ಬಾಲದ ಕಡೆ ಮೂಸಿತು. ಮುಖ ಕಿವುಚಿ ಅದನ್ನು ವಾಪಸ್ ಚೀಲಕ್ಕೆ ಹಾಕಿ, ಇಡೀ ಚೀಲವನ್ನು ಭಾವನ ಮಡಿಲಿಗೆ ಎಸೆದು ಹೋಯಿತು.

"ಕಂಡಿರಾ," ಅಂದರು ಭಾವ, "ಮಂಗನಿಗೂ ಆ ವಾಸನೆ ಆಗುವುದಿಲ್ಲ."

"ಅದು ಬೇಡ ಅಂತ ತಿನ್ನದೆ ವಾಪಸ್ ಕೊಟ್ಟಿತು," ಅಂದಳು ಅಕ್ಕ. "ವಾಸನೆ ವಾಸನೆ ಅಂತ ಬೈಯುತ್ತಾ ನಾಲ್ಕು ತಿನ್ನುವವರು ನೀವೊಬ್ಬರೇ."

ಕೆಮ್ಮು

ಆ ಕಡೆ ಒಂದು ಕ್ರಮ ಉಂಟು. ಹೆಂಗಸರಿರುವ ಡೇರೆಯ ಹತ್ತಿರ ಗಂಡಸರು ಬರುವುದಾದರೆ ದೂರದಲ್ಲೇ ನಿಂತು, ಮುಖ ಆಚೆ ತಿರುಗಿಸಿ, ಗಟ್ಟಿಯಾಗಿ ಕೆಮ್ಮಬೇಕು. ಒಳಗಿದ್ದವರು ಮೈಮುಚ್ಚಿಕೊಳ್ಳಲಿ ಅಂತ.

ಇಷ್ಟು ಒಳ್ಳೆಯ ಕ್ರಮ ಗೊತ್ತಾದ ಮೇಲೆ ನಾನು ಸುಮ್ಮನಿರುವುದು ಹೇಗೆ? ಬೆಳಿಗ್ಗೆ ಡೇರೆಯ ಹಿಂದೆ ನಿಂತು ಶೇಖನ ಹಾಗೆ ಕೆಮ್ಮಿದೆ. ಅಕ್ಕ ನೈಟಿಯ ಮೇಲೆ ಅಬಾಯ ಎಳೆದುಕೊಂಡು, ಅದೂ ತಿರುವುಮುರುವಾಗಿ, ಹೊರಗೆ ಬಂದಳು. ನಾನು ಹಲ್ಲುಕಿರಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೆಮ್ಮಿದೆ, ಮತ್ತೆ ಬಂದಳು. "ಇನ್ನೊಂದು ಸಲ ಕೆಮ್ಮು, ನಿನಗೆ ಮದ್ದು ಕೊಡುತ್ತೇನೆ," ಅಂದಳು.

ಮತ್ತೊಂದು ಕೆಮ್ಮು ಕೇಳಿದಾಗ ನಾನು ಕಾರಿನ ಹತ್ತಿರ ಭಾವನ ಜೊತೆ ಇದ್ದೆ. ಡೇರೆಯೊಳಗಿಂದ ಅಕ್ಕಿ ತೊಳೆದ ನೀರು ಒಂದು ಪಾತ್ರೆ ಪೂರ್ತಿ ಹಾರಿ ಬಂತು. ಕೆಳಗಿನ ಹಳ್ಳಿಯ ಒಬ್ಬ ಮುದುಕ ರೈತರು, ನಮಗೆಂದೇ ತಂದ ರೊಟ್ಟಿ ಕೈಯಲ್ಲಿ ಹಿಡಿದು, ಗಡ್ಡದಿಂದ ನೀರು ಸುರಿಸುತ್ತಾ ನಿಂತಿದ್ದರು. ಮುಖ ಮಾತ್ರ ಮರ್ಯಾದೆಯಿಂದ ಆಚೆ ತಿರುಗಿಸಿಯೇ ಇದ್ದರು.

ಭಾವನ ಮುಖ ಸುಣ್ಣವಾಯಿತು. "ಮುಗಿಯಿತು. ವೀಸಾ ಕೊಟ್ಟ ಕಫೀಲನಿಗೆ ಗೊತ್ತಾದರೆ ನಮ್ಮನ್ನು ಎಲ್ಲರನ್ನೂ ಒಟ್ಟಿಗೆ ಊರಿಗೆ ಕಳಿಸುತ್ತಾನೆ."

ಮುದುಕರು ಗಡ್ಡ ಹಿಂಡಿ ಏನೋ ಹೇಳಿದರು.

"ಎಂತ ಹೇಳುತ್ತಾರೆ ಮಾರಾಯ, ಬೇಗ ಹೇಳು."

"ಈ ವರ್ಷ ಮಳೆ ತಡವಾಗಿತ್ತಂತೆ. ಅದನ್ನು ನಾವು ತಂದದ್ದಕ್ಕೆ ಸಂತೋಷವಂತೆ. ನಾಳೆ ಮಧ್ಯಾಹ್ನ ನಾವು ಅವರ ಮನೆಗೆ ಊಟಕ್ಕಂತೆ."

ಕಾವಾ

ಆ ಮನೆಯಲ್ಲಿ ಅಕ್ಕನನ್ನು ಹೆಂಗಸರು ಒಳಗೆ ಕರಕೊಂಡು ಹೋದರು. ನಾವು ಗಂಡಸರ ಕೋಣೆಯಲ್ಲಿ. ಚಿಕ್ಕ ಚಿಕ್ಕ ಕಪ್ಪಿನಲ್ಲಿ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಅವರ ಕಾವಾ, ಬಂತು.

ಅಲ್ಲಿ ಕಪ್ಪು ಖಾಲಿಯಾದರೆ ತುಂಬಿಸುತ್ತಾರೆ. ಸಾಕು ಅಂತಾದರೆ ಕಪ್ಪನ್ನು ಆಚೀಚೆ ಅಲ್ಲಾಡಿಸಬೇಕು. ಇದು ನನಗೆ ಗೊತ್ತು. ಭಾವನಿಗೆ ಗೊತ್ತಿದ್ದದ್ದು ನಮ್ಮೂರಿನದ್ದು: ದೊಡ್ಡವರು ಕೊಟ್ಟದ್ದನ್ನು ಬಿಡಬಾರದು, ಬೇಗ ಮುಗಿಸಿದರೆ ಬೇಗ ಏಳಬಹುದು. ಅವರು ಬೇಗ ಬೇಗ ಮುಗಿಸಿದರು. ಮುದುಕರ ಮಗ ಬೇಗ ಬೇಗ ತುಂಬಿಸಿದ.

"ಈ ಹೂಜಿಯ ಅಡಿಯಲ್ಲಿ ಬಾವಿ ಉಂಟಾ ಮಾರಾಯ?" ಅಂತ ಭಾವ ಪಿಸುಗುಟ್ಟಿದರು. "ಬೇಡ ಅಂತ ಹೇಳಲಾ?"

"ಛೇ, ಬೇಡ ಭಾವ. ಮೊದಲೇ ನೀರು ಎರಚಿದವರು ನಾವು."

ಭಾವ ಮತ್ತೆ ಕುಡಿದರು. ಕೊನೆಗೆ ತಡೆಯಲಾಗದೆ ಎದ್ದು ಹೊರಗೆ ಓಡಿದರು. ನಾನೂ ಹಿಂದೆ ಹೋದೆ. ಗೋಡೆಯ ಮರೆಯಿಂದ ಅವರು ಹಗುರವಾಗಿ ಬರುವಾಗ ಕೆಳಗಿನ ಕೊಯ್ದ ಹೊಲದಲ್ಲಿ ಒಂದು ಹಳೇ ಪಿಕಪ್ಪು ಧೂಳೆಬ್ಬಿಸಿಕೊಂಡು ಹಾವಿನ ಹಾಗೆ ಬರುತ್ತಿತ್ತು. ಜಿದ್ದಾದಲ್ಲಿ ಹೆಂಗಸರು ಸ್ಟಿಯರಿಂಗ್ ಮುಟ್ಟುವಂತಿಲ್ಲ. ಈ ಗುಡ್ಡಗಳಲ್ಲಿ ನೀರು, ಹುಲ್ಲು ತರಲಿಕ್ಕೆ ಅವರೇ ಓಡಿಸುತ್ತಾರೆ, ಕೇಳುವವರಿಲ್ಲ. ಓಡಿಸುವವಳ ತಲೆಯಲ್ಲಿ ಆ ಕಡೆಯವರ ದೊಡ್ಡ ಹುಲ್ಲಿನ ಟೋಪಿ.

"ಈ ಅಜ್ಜಿಗೆ ಎಂತ ಧೈರ್ಯ ಮಾರಾಯ," ಅಂದರು ಭಾವ. "ಬ್ರೇಕ್ ಎಲ್ಲಿ ಅಂತ ಗೊತ್ತಿಲ್ಲದ ಹಾಗೆ ಬಿಡುತ್ತಾಳೆ."

ನಿಜವಾದ ಅಜ್ಜಿ, ಮುದುಕರ ಹೆಂಡತಿ, ಪಕ್ಕದ ಸೀಟಿನಲ್ಲಿ ಬಾಗಿಲು ಗಟ್ಟಿ ಹಿಡಿದು "ಯಲ್ಲಾ, ಯಲ್ಲಾ" ಅಂತ ಹುರಿದುಂಬಿಸುತ್ತಿದ್ದಳು. ಹಿಂದೆ ಹುಲ್ಲಿನ ಕಟ್ಟಿನ ಮೇಲೆ ಅವಳ ಸೊಸೆಯಂದಿರು ನಕ್ಕು ನಕ್ಕು ಹೊರಳುತ್ತಿದ್ದರು. ಪಿಕಪ್ಪು ಭಾವನ ಮೊಣಕಾಲಿನ ಹತ್ತಿರ ಬಂದು ಕೆಮ್ಮಿ ನಿಂತಿತು. ಟೋಪಿ ಮೇಲೆತ್ತಿದರೆ ಅಕ್ಕ. ಅವಳ ಮುಖದಲ್ಲಿ ಅಷ್ಟು ನಗು ನಾನು ಮದುವೆಯ ದಿನವೂ ನೋಡಿರಲಿಲ್ಲ.

ಭಾವ ಮೊಣಕಾಲು ಹಿಂದೆ ಸರಿಸಿ ಮೆಲ್ಲಗೆ ಕೇಳಿದರು: "ಹಾಗಾದರೆ... ಊರಿನ ಟಿಕೆಟ್ ಎಂತ ಮಾಡುವ?"

ನನಗೆ ಎಸ್ಸೆಸ್ಸೆಲ್ಸಿ ನೆನಪಾಯಿತು.

"ನೀವು ಬೇಕಾದರೆ ಹೋಗಿ ಬನ್ನಿ," ಅಂದಳು ಅಕ್ಕ, ಗೇರಿನ ಮೇಲಿಂದ ಕೈ ತೆಗೆಯದೆ. "ನನಗೆ ಇನ್ನು ರಿವರ್ಸ್ ಕಲಿಯಲಿಕ್ಕೆ ಬಾಕಿ ಉಂಟು."