ಒಸಾಕಾದ ಸ್ನಾನದ ಮನೆ

ಗಂಡಸು ಪರದೇಶಕ್ಕೆ ಹೋಗಿ ಬಂದರೆ ಊರು ಅವನು ಏನು ನೋಡಿದನೆಂದು ಕೇಳುತ್ತದೆ. ಹೆಂಗಸು ಹೋಗಿ ಬಂದರೆ ಏನೇನು ನೋಡಲಿಲ್ಲ ಎಂಬುದಕ್ಕೆ ಸಾಕ್ಷಿ ಕೇಳುತ್ತದೆ. ನಾನು ಮೊದಲೇ ಮಾತು ಕಡಿಮೆಯವಳು. ಕೆಲಸದಲ್ಲಿದ್ದ ರೇಷ್ಮೆ ಕಚೇರಿಯವರು ತರಬೇತಿಗೆಂದು ಜಪಾನಿನ ಒಸಾಕಾ ನಗರಕ್ಕೆ ಕಳಿಸಿದ್ದರು. ದೇವನಹಳ್ಳಿಗೆ ಮರಳಿದ ಮೇಲೆ ಅಮ್ಮನಿಗಷ್ಟೇ ಹೇಳಿ ಸುಮ್ಮನಿದ್ದುಬಿಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಸಮೇತನಹಳ್ಳಿಯಿಂದ ಸಂಬಂಧ ಬಂತು. ಹುಡುಗ ಹೈಸ್ಕೂಲು ಮೇಷ್ಟ್ರು. ಇದೂ ತಪ್ಪಿದರೆ ಮಗಳು ಮನೆಯಲ್ಲೇ ಉಳಿದಳೆಂದು ಅಮ್ಮನಿಗೆ ಭಯ.

"ಕೋಟೆ ನೋಡ್ದೆ, ದೇವಸ್ಥಾನ ನೋಡ್ದೆ ಅನ್ನು, ಸಾಕು. ಆ ಸ್ನಾನದ ವಿಷ್ಯ ಎತ್ತಿದ್ರೆ ನೋಡು ಮತ್ತೆ!" ಎಂದಳು ಅಮ್ಮ, ಕೇಸರಿಬಾತಿಗೆ ತುಪ್ಪ ಸುರಿಯುತ್ತಾ.

ಕೋಟೆ ನೋಡಿದ್ದು ನಿಜ. ದೇವನಹಳ್ಳಿ ಕೋಟೆಯ ಪಕ್ಕದಲ್ಲೇ ಬೆಳೆದವಳಿಗೆ ಅದರಲ್ಲಿ ಅಚ್ಚರಿಯೇನಿರಲಿಲ್ಲ, ಒಳಗೊಂದು ಲಿಫ್ಟು ಇದ್ದುದನ್ನು ಬಿಟ್ಟರೆ. ನೆಲದೊಳಗಿನ ರೈಲಿನಲ್ಲಿ ಕೆಲಸವಿಲ್ಲದೆ ಈ ತುದಿಯಿಂದ ಆ ತುದಿಗೆ ಹೋಗಿ ಬಂದೆ. ಸಂಜೆ ಕಾಲುವೆಯ ಸೇತುವೆಯ ಮೇಲೆ ನಿಂತು ಬಣ್ಣದ ದೀಪಗಳು ನೀರಿನಲ್ಲಿ ಕದಡುವುದನ್ನು ನೋಡಿದೆ. 'ಯಾರ ಮಗಳಮ್ಮ ನೀನು?' ಎಂದು ಒಬ್ಬರೂ ಕೇಳಲಿಲ್ಲ. ಆದರೆ ನನ್ನ ಮನಸ್ಸು ಗೆದ್ದದ್ದು ನಾನಿದ್ದ ಬೀದಿಯ ಸಾರ್ವಜನಿಕ ಸ್ನಾನದ ಮನೆ. ಹೆಂಗಸರದೇ ಬೇರೆ ಭಾಗ, ಎಲ್ಲರೂ ಬರಿಮೈ. ಬಿಸಿನೀರಿನ ತೊಟ್ಟಿಯ ಹೊರಗೆ ಕೂತು ಚೆನ್ನಾಗಿ ಮೈ ತೊಳೆದು, ಆಮೇಲೆ ಅದಕ್ಕೆ ಇಳಿಯುವುದು ಅವರ ಪದ್ಧತಿ. ನಾನೋ, ಮೊದಲ ದಿನ ನಮ್ಮ ಪದ್ಧತಿಯಂತೆ ತಲೆಗೆ ಹರಳೆಣ್ಣೆ ಒತ್ತಿಕೊಂಡು, ಒಳಲಂಗವನ್ನು ಎದೆಗೆ ಕಟ್ಟಿ, ಸೀಗೆಪುಡಿಯ ಡಬ್ಬಿ ಹಿಡಿದು ನೇರವಾಗಿ ತೊಟ್ಟಿಗೇ ಇಳಿದೆ. ಲಂಗ ಕೊಡೆಯಂತೆ ಅರಳಿ ಮೇಲೆದ್ದಿತು. ಎಣ್ಣೆ ತೇಲಿತು. ತೊಟ್ಟಿಯಲ್ಲಿದ್ದವರು ಒಬ್ಬೊಬ್ಬರಾಗಿ ನನಗೆ ತಲೆಬಾಗಿ ವಂದಿಸಿ ಎದ್ದು ಹೋದರು. ಮರುದಿನ ಲಂಗ, ಎಣ್ಣೆ, ಸೀಗೆಪುಡಿ ಮೂರನ್ನೂ ಕೋಣೆಯಲ್ಲೇ ಬಿಟ್ಟು ಹೋದೆ. ಆಮೇಲೆ ಒಂದು ಸಂಜೆಯೂ ತಪ್ಪಿಸಲಿಲ್ಲ.

ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು, "ಅಷ್ಟು ದೂರ ಹೋಗಿದ್ಯಂತಲ್ಲಮ್ಮ, ಏನೇನು ನೋಡ್ಕೊಂಡು ಬಂದೆ?" ಎಂದರು. ಬಾಗಿಲ ಮರೆಯಿಂದ ಅಮ್ಮ ಕಣ್ಣು ಕೆಕ್ಕರಿಸಿದಳು. ಕೆಟ್ಟಿದ್ದೇ ಅದರಿಂದ. ಲಿಫ್ಟಿನಿಂದ ಹಿಡಿದು ತೊಟ್ಟಿಯವರೆಗೆ ಎಲ್ಲವನ್ನೂ ಹೇಳಿದೆ.

"ಮೈ ಮೇಲೆ ಏನೂ ಇಲ್ದೇನೆ?"

"ಏನೂ ಇಲ್ದೆ."

ಹುಡುಗ ಸೂರಿನ ತೊಲೆಗಳನ್ನು ಪರೀಕ್ಷಿಸತೊಡಗಿದ.

"ಇಂಥದ್ದನ್ನೆಲ್ಲ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ ತಾಯಿ?" ಎಂದರು ಅವನ ತಾಯಿ.

"ಈಗ ಮುಚ್ಚಿಟ್ರೆ ಆಮೇಲೆ ದಿನಾ ಮುಚ್ಚಿಡ್ಬೇಕಾಗುತ್ತೆ. ಮತ್ತೆ ಕಳಿಸಿದ್ರೆ ಮತ್ತೆ ಹೋಗ್ತೀನಿ. ಸ್ನಾನಾನೂ ಮಾಡ್ತೀನಿ."

ಒಳಗೆ ಅಮ್ಮನ ಕೈಯಿಂದ ಏನೋ ಬಿದ್ದ ಸದ್ದಾಯಿತು. ಹುಡುಗನ ತಾಯಿ ನನ್ನ ಕಡೆಗೆ ಬಾಗಿ, "ಅಲ್ಲಾ, ಅಷ್ಟು ನೀರು ಕಾಯ್ಸೋಕೆ ಸೌದೆ ಎಲ್ಲಿಂದ ತರ್ತಾರಮ್ಮ?" ಎಂದರು. ಈ ಮನೆಗೆ ಸೊಸೆಯಾಗಬಹುದೆಂದು ನನಗೆ ಆಗಲೇ ಅನಿಸಿತು.

ಆದೆ. ಸಮೇತನಹಳ್ಳಿಯ ಮೊದಲ ಶುಕ್ರವಾರ ನಾನು ಬಚ್ಚಲುಮನೆ ಹೊಕ್ಕ ಕೂಡಲೇ ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಾಗಿಲಿಗೆ ಬಂದರು.

"ಬಾರಮ್ಮ, ಬೆನ್ನು ಉಜ್ತೀನಿ."

ನಾನು ಒಳಗಿನಿಂದ ಚಿಲಕ ಹಾಕಿದೆ.

"ಏನೇ ಇದು? ಊರು ತುಂಬ ಹೆಂಗಸರ ಮುಂದೆ ಆಗಿದ್ದು ನನ್ನೊಬ್ಬಳ ಮುಂದೆ ಆಗಲ್ವಾ?"

"ಆಗಲ್ಲ ಅತ್ತೆ. ಅವ್ರಲ್ಲಿ ಯಾರೂ ನನ್ಗೆ ಅತ್ತೆ ಆಗಿರ್ಲಿಲ್ಲ" ಎಂದೆ, ಬಹಳ ಧೈರ್ಯವಾಗಿ, ಚಿಲಕ ಸರಿಯಾಗಿ ಕೂತಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿಕೊಂಡು.